ಕವಾಟದ ಬಿಡುವು

ನಮ್ಮ ಊರುಗಳ ಯಾವುದಾದರೊಂದು ಸ್ಕೂಟರ್ ಗ್ಯಾರೇಜಿನ ಮುಂದೆ ಬೆಳಗಿನ ಹೊತ್ತು ಅರ್ಧ ಗಂಟೆ ನಿಂತವರ ಕಿವಿಗೆ ಒಂದು ಮಾತು ಬೀಳದೆ ಇರಲಾರದು: “ಟ್ಯಾಪೆಟ್ ಸದ್ದು ಜಾಸ್ತಿಯಾಗಿದೆ, ಸ್ವಲ್ಪ ಟೈಟ್ ಮಾಡಿಕೊಡಿ.” ಹೇಳುವವರು ಶಾಲೆಗೆ ಹೊತ್ತಾಯಿತೆಂದು ಅವಸರಪಡುವ ಉಪಾಧ್ಯಾಯಿನಿಯಾಗಿರಬಹುದು, ಮನೆಮನೆಗೆ ಹಾಲು ಹಾಕಿ ಆಗತಾನೆ ಬಂದ ಹುಡುಗನಾಗಿರಬಹುದು, ಕೇಳಿಸಿಕೊಂಡ ಮೆಕ್ಯಾನಿಕರು, ಎಂಜಿನ್ನಿನ ಬಿಸಿ ಇನ್ನೂ ಆರದಿರುವಾಗಲೇ, ಅದರ ತಲೆಯ ಮುಚ್ಚಳವನ್ನು ಬಿಚ್ಚಿ, ಎರಡು ತಿರುಪುಗಳನ್ನು ಅಂದಾಜಿನ ಮೇಲೆ ಬಿಗಿದು, ಮುಚ್ಚಳವನ್ನು ಮತ್ತೆ ಕೂರಿಸಿಕೊಡುತ್ತಾರೆ. ಟಿಕ್ ಟಿಕ್ ಸದ್ದು ಅಡಗುತ್ತದೆ. ಮಾಡಿಸಿಕೊಂಡವರಿಗೂ ಮಾಡಿದವರಿಗೂ ಸಮಾಧಾನವಾಗುತ್ತದೆ. ಆ ಸದ್ದು ದೋಷವೇ ಅಲ್ಲವೆಂದು ನಾನು ಹೇಳುವುದಿಲ್ಲ. ಆದರೆ ಸದ್ದಿಗಿಂತ, ಅದನ್ನು ಅಡಗಿಸಿದ ಬಿಗಿತವೇ ಎಂಜಿನ್ನಿಗೆ ಹೆಚ್ಚು ಅಪಾಯಕರವೆಂಬುದು ಬಹುಜನರಿಗೆ ತಿಳಿಯದೆ ಉಳಿದಿರುವ ಸಂಗತಿ. ತಿಳಿದಿದ್ದರೆ ಎಷ್ಟೋ ಗಾಡಿಗಳು ಅಕಾಲದಲ್ಲಿ ಬಿಚ್ಚಿಸಿಕೊಳ್ಳುವುದು ತಪ್ಪುತ್ತಿತ್ತು.

ಒಂದು ತಲೆಮಾರಿನ ಹಿಂದೆ ಈ ಪ್ರಶ್ನೆಯೇ ಇರಲಿಲ್ಲ. ಹಿರಿಯರ ಕಾಲದ ಲ್ಯಾಂಬ್ರೆಟಾ, 1972ರಲ್ಲಿ ಬೀದಿಗಿಳಿದ ಬಜಾಜ್ ಚೇತಕ್, 1984ರಲ್ಲಿ ಹುಟ್ಟಿದ ಸಂಸ್ಥೆಯಿಂದ ಬಂದ, ಗೇರಿನ ಗೊಡವೆಯಿಲ್ಲದ ಕೈನೆಟಿಕ್ ಹೋಂಡಾ, ಇವೆಲ್ಲವೂ ಟೂ ಸ್ಟ್ರೋಕ್ ಗಾಡಿಗಳು. ಸಿಲಿಂಡರಿನ ಗೋಡೆಯಲ್ಲಿದ್ದ ಕಿಂಡಿಗಳನ್ನು ಪಿಸ್ಟನ್ನೇ ಸರಿದಾಡುತ್ತ ಮುಚ್ಚಿ ತೆರೆಯುತ್ತಿದ್ದುದರಿಂದ, ಎದ್ದು ಕೂರುವ ಕವಾಟಗಳ ಅಗತ್ಯ ಅವಕ್ಕೆ ಇರಲಿಲ್ಲ. ಪೆಟ್ರೋಲಿನೊಡನೆ ಎಣ್ಣೆಯನ್ನೂ ಉರಿಸಿ ನೀಲಿ ಹೊಗೆ ಬಿಡುತ್ತಿದ್ದ ಆ ಜಾತಿ, ಹೊಗೆಯ ನಿಯಮಗಳು ಕಠಿನವಾದಂತೆಲ್ಲ ಹಿಂದೆ ಸರಿಯಿತು. 2001ರಲ್ಲಿ ಹೋಂಡಾ ಆಕ್ಟಿವಾ ಬಂದ ಬಳಿಕ ಫೋರ್ ಸ್ಟ್ರೋಕ್ ಎಂಜಿನ್ನೇ ಸ್ಕೂಟರಿನ ಸಾಮಾನ್ಯ ರೂಪವಾಯಿತು. 2013ರಿಂದ ನಮ್ಮ ಕೋಲಾರ ಜಿಲ್ಲೆಯ ನರಸಾಪುರದ ಕಾರ್ಖಾನೆಯಿಂದಲೂ ಅಂಥ ಗಾಡಿಗಳು ಹೊರಬೀಳುತ್ತಿವೆ. ಯಂತ್ರ ಬದಲಾಯಿತು, ಆರೈಕೆಯ ಅಭ್ಯಾಸ ಅಷ್ಟೇ ಬೇಗ ಬದಲಾಗಲಿಲ್ಲ. ಟ್ಯಾಪೆಟ್ ಎಂಬ ಮಾತನ್ನೇ ನೋಡಿ: ಕವಾಟ ತೆರೆಯುವ ಚಲನೆಯನ್ನು ನೀಳವಾದ ಕಡ್ಡಿಯ ಮೂಲಕ ಮೇಲಕ್ಕೆ ಮುಟ್ಟಿಸುತ್ತಿದ್ದ ಹಳೆಯ ಕಾರು ಲಾರಿಗಳ ಒಂದು ಬಿಡಿಭಾಗದ ಹೆಸರು ಅದು. ಇಂದಿನ ಸ್ಕೂಟರುಗಳಲ್ಲಿ ಆ ಭಾಗವಿಲ್ಲ. ಹೆಸರು ಮಾತ್ರ ಗ್ಯಾರೇಜಿನ ನಾಲಗೆಯ ಮೇಲೆ ಉಳಿದು, ಕವಾಟದ ಬಿಡುವಿಗೆ ಅನ್ವಯಿಸಿಕೊಂಡಿದೆ.

ಹಾಗಾದರೆ ಈ ಬಿಡುವು ಎಂದರೇನು? ಎಂಜಿನ್ನಿನ ತಲೆಯಲ್ಲಿ ಅಣಬೆಯ ಆಕಾರದ ಎರಡು ಉಕ್ಕಿನ ಕವಾಟಗಳಿವೆ. ಒಂದು ಗಾಳಿ ಮತ್ತು ಪೆಟ್ರೋಲಿನ ಮಿಶ್ರಣವನ್ನು ಒಳಕ್ಕೆ ಬಿಡತಕ್ಕದ್ದು, ಮತ್ತೊಂದು ಸುಟ್ಟ ಅನಿಲವನ್ನು ಸೈಲೆನ್ಸರಿನತ್ತ ಹೊರಕ್ಕೆ ಬಿಡತಕ್ಕದ್ದು. ಬಲವಾದ ಸ್ಪ್ರಿಂಗುಗಳು ಇವೆರಡನ್ನೂ ಸದಾ ತಮ್ಮ ತಮ್ಮ ಪೀಠಗಳಿಗೆ ಒತ್ತಿ ಹಿಡಿದಿರುತ್ತವೆ. ಇವನ್ನು ತೆರೆಯಲು ಕ್ಯಾಮ್ ಎಂಬ ಉಬ್ಬುಳ್ಳ ದಂಡವೊಂದು ಸುತ್ತುತ್ತದೆ. ಕ್ಯಾಮಿಗೂ ಕವಾಟಕ್ಕೂ ನಡುವೆ ರಾಕರ್ ಎಂಬ ಪುಟ್ಟ ಸನ್ನೆಗೋಲು, ಬಾವಿಯ ದಡದ ಏತದಂತೆ, ನಡುವಿನ ಅಚ್ಚಿನ ಮೇಲೆ ತೂಗಾಡುತ್ತದೆ. ಕ್ಯಾಮಿನ ಉಬ್ಬು ಬಂದು ಒಂದು ತುದಿಯನ್ನು ಎತ್ತಿದರೆ, ಇನ್ನೊಂದು ತುದಿ ಇಳಿದು ಕವಾಟದ ಕಾಂಡವನ್ನು ಒತ್ತುತ್ತದೆ. ಎಂಜಿನ್ ನಿಮಿಷಕ್ಕೆ 5000 ಸುತ್ತು ತಿರುಗುವಾಗ ಒಂದೊಂದು ಕವಾಟವೂ ನಿಮಿಷಕ್ಕೆ 2500 ಬಾರಿ, ಅಂದರೆ ಒಂದು ಗಂಟೆಯ ಪ್ರಯಾಣದಲ್ಲಿ ಒಂದೂವರೆ ಲಕ್ಷ ಬಾರಿ ತೆರೆದು ಮುಚ್ಚಿಕೊಳ್ಳುತ್ತದೆ. ಕವಾಟ ಮುಚ್ಚಿರುವ ಹೊತ್ತಿನಲ್ಲಿ ರಾಕರಿನ ತುದಿಯ ತಿರುಪಿಗೂ ಕವಾಟದ ಕಾಂಡದ ತಲೆಗೂ ನಡುವೆ ಉಳಿಯಬೇಕಾದ ಅತಿ ಸೂಕ್ಷ್ಮವಾದ ಎಡೆಯೇ ನಾನು ಹೇಳುವ ಬಿಡುವು. ಸಣ್ಣ ಸ್ಕೂಟರುಗಳಲ್ಲಿ ಅದು ಸಾಮಾನ್ಯವಾಗಿ 0.05ರಿಂದ 0.15 ಮಿಲಿಮೀಟರಿನಷ್ಟು, ನಾವು ಬರೆಯುವ ಬಿಳಿ ಹಾಳೆಯೊಂದರ ದಪ್ಪವೇ ಹೆಚ್ಚುಕಡಿಮೆ 0.1 ಮಿಲಿಮೀಟರ್ ಎಂದರೆ ಇದರ ಸೂಕ್ಷ್ಮತೆ ಮನಸ್ಸಿಗೆ ಬಂದೀತು.

ಇಷ್ಟು ಎಡೆಯನ್ನಾದರೂ ಏಕೆ ಬಿಡಬೇಕು? ಮಲೆನಾಡಿನ ಬಡಗಿಯನ್ನು ಕೇಳಿದರೆ ಉತ್ತರ ದೊರೆಯುತ್ತದೆ. ಬೇಸಗೆಯಲ್ಲಿ ಚೌಕಟ್ಟಿಗೆ ಕೂದಲೆಳೆಯೂ ಎಡೆಯಿಲ್ಲದಂತೆ ಕೂರಿಸಿದ ಬಾಗಿಲು ಮಳೆಗಾಲದಲ್ಲಿ ನೀರು ಹೀರಿ ಉಬ್ಬಿ, ಮುಚ್ಚಲೂ ಬಾರದೆ ತೆರೆಯಲೂ ಬಾರದೆ ಕಚ್ಚಿಕೊಳ್ಳುವುದನ್ನು ಕಂಡವನು ಆತ. ಆದುದರಿಂದಲೇ ಮೊದಲೇ ಒಂದಿಷ್ಟು ಎಡೆ ಬಿಟ್ಟು ಕೆಲಸ ಮಾಡುತ್ತಾನೆ. ಮರಕ್ಕೆ ನೀರು ಹೇಗೋ ಲೋಹಕ್ಕೆ ಉಷ್ಣ ಹಾಗೆ. ಎಂಜಿನ್ ಓಡುವಾಗ ಹೊರಬಿಡುವ ಕವಾಟವು ಕೆಂಪಗೆ ಕಾಯುವಷ್ಟು ಬಿಸಿಯಾಗುತ್ತದೆ. ಒಳಬಿಡುವ ಕವಾಟ, ತಣ್ಣನೆಯ ಮಿಶ್ರಣ ಅದನ್ನು ಸವರಿ ಹೋಗುವುದರಿಂದ, ಅಷ್ಟು ಕಾಯುವುದಿಲ್ಲ. ಉಕ್ಕಿನ ಕವಾಟ ಹಿಗ್ಗುವ ಪರಿ ಒಂದಾದರೆ, ಅದನ್ನು ಹೊತ್ತಿರುವ ಅಲ್ಯೂಮಿನಿಯಮ್ ತಲೆ ಹಿಗ್ಗುವ ಪರಿ ಬೇರೊಂದು. ಸಮನಾದ ಬಿಸಿಗೆ ಅಲ್ಯೂಮಿನಿಯಮ್ ಸಾಧಾರಣ ಉಕ್ಕಿನ ಎರಡರಷ್ಟು ಹಿಗ್ಗುತ್ತದೆ. ಹೀಗೆ ಬಿಸಿಯಾದಾಗ ಆ ಎಡೆ ಇಂತಿಷ್ಟೇ ಇದೆಯೆಂದು ಯಾರೂ ನಿಶ್ಚಯಿಸಿ ಹೇಳಲಾರರಾದ್ದರಿಂದ, ತಯಾರಕರು ಈ ವ್ಯತ್ಯಾಸಗಳನ್ನೆಲ್ಲ ಮೊದಲೇ ಲೆಕ್ಕ ಹಾಕಿ, ಎಂಜಿನ್ ಪೂರ್ಣವಾಗಿ ತಣ್ಣಗಿರುವಾಗ ಇರತಕ್ಕ ಅಳತೆಯನ್ನೇ ಪುಸ್ತಕದಲ್ಲಿ ನಮೂದಿಸುತ್ತಾರೆ. ಬಿಸಿ ಎಂಜಿನ್ನಿನಲ್ಲಿ ಹಿಡಿದ ಅಳತೆಗೆ ಯಾವ ಅರ್ಥವೂ ಇಲ್ಲ.

ಬಿಡುವು ಹೆಚ್ಚಾದರೆ ಏನಾಗುತ್ತದೆ? ರಾಕರ್ ಆ ಎಡೆಯನ್ನು ದಾಟಿ ಬಂದು ಕಾಂಡಕ್ಕೆ ಬಡಿಯುತ್ತದೆ. ಅದೇ ನಾವು ಕೇಳುವ ಟಿಕ್ ಟಿಕ್. ಕವಾಟ ತುಸು ತಡವಾಗಿ ತೆರೆದು ತುಸು ಬೇಗ ಮುಚ್ಚಿಕೊಳ್ಳುವುದರಿಂದ ಎಂಜಿನ್ನಿನ ಉಸಿರಾಟ ಕೊಂಚ ಕುಗ್ಗುತ್ತದೆ. ಬಡಿತದಿಂದ ಭಾಗಗಳು ಸವೆಯುತ್ತವೆ. ಇದು ನಿಧಾನವಾಗಿ ನಡೆಯುವ ಹಾನಿ, ಸದ್ದು ಮಾಡಿ ಎಚ್ಚರಿಸುವ ಹಾನಿ. ಬಿಡುವು ಇಲ್ಲವಾದಾಗಿನ ಕಥೆಯೇ ಬೇರೆ. ತಿರುಪು ಕಾಂಡವನ್ನು ಸದಾ ಒತ್ತಿಕೊಂಡೇ ಇದ್ದರೆ ಕವಾಟ ತನ್ನ ಪೀಠದ ಮೇಲೆ ಪೂರ್ಣವಾಗಿ ಕೂರಲಾರದು. ಹೊರಬಿಡುವ ಕವಾಟಕ್ಕೆ ಪೀಠವೆಂಬುದು ಕೇವಲ ಬಾಗಿಲ ಹೊಸ್ತಿಲಲ್ಲ; ಉರಿಯಿಂದ ತಾನು ಪಡೆದ ಬಿಸಿಯ ಬಹುಭಾಗವನ್ನು ಅದು ಹೊರಹಾಕುವುದು, ಮುಚ್ಚಿರುವ ಆ ಕ್ಷಣಗಳಲ್ಲಿ, ಪೀಠದ ಸ್ಪರ್ಶದ ಮೂಲಕವೇ. ಆ ಸ್ಪರ್ಶ ತಪ್ಪಿತೆಂದರೆ ಕವಾಟಕ್ಕೆ ಆರುವ ವ್ಯವಧಾನವೇ ಇಲ್ಲ. ಮೇಲಾಗಿ ಸೀಳುಗಂಡಿಯಂತಾದ ಆ ಎಡೆಯ ಮೂಲಕ ಉರಿಯುವ ಅನಿಲ ಪ್ರತಿ ಬಾರಿಯೂ ಹಾದುಹೋಗುತ್ತ ಕವಾಟದ ಅಂಚನ್ನು ಕೊರೆಯತೊಡಗುತ್ತದೆ. ಇಷ್ಟೆಲ್ಲ ನಡೆಯುವಾಗ ಹೊರಗೆ ಸದ್ದೇ ಇಲ್ಲ. ಎಂಜಿನ್ ಎಂದಿಗಿಂತ ಮೃದುವಾಗಿ ನಡೆಯುತ್ತಿರುವಂತೆ ಕೇಳಿಸುತ್ತದೆ. ಒಡೆಯರು ಹೆಮ್ಮೆಪಡುವ ಈ ನಿಶ್ಶಬ್ದವನ್ನೇ ನಾನು ಹೆಚ್ಚು ಶಂಕಿಸುವುದು.

ಯಾರ ಕೈಯೂ ತಾಗದಿದ್ದರೂ ಈ ಬಿಗಿತ ತಾನಾಗಿಯೇ ಬರಬಹುದೆಂಬುದನ್ನು ಬಹುಮಂದಿ ನಂಬುವುದಿಲ್ಲ. ಸವೆದದ್ದು ಸಡಿಲವಾಗುವುದೇ ಲೋಕದ ವಾಡಿಕೆಯಲ್ಲವೆ? ಕ್ಯಾಮ್ ಮತ್ತು ರಾಕರ್ ಸವೆದಾಗ ಎಡೆ ಹೆಚ್ಚುವುದು ನಿಜ. ಆದರೆ ಲಕ್ಷಾಂತರ ಬಾರಿ ಪೀಠಕ್ಕೆ ಅಪ್ಪಳಿಸಿದ ಕವಾಟ, ತಾನೂ ಸವೆದು ಪೀಠವನ್ನೂ ಸವೆಸಿ, ದಿನದಿಂದ ದಿನಕ್ಕೆ ಪೀಠದೊಳಕ್ಕೆ ಇಳಿಯುತ್ತದೆ. ಅದು ಇಳಿದಷ್ಟೂ ಅದರ ಕಾಂಡದ ಹಿಂತುದಿ ರಾಕರಿನತ್ತ ಏರುತ್ತದೆ, ಎಡೆ ಕಿರಿದಾಗುತ್ತದೆ. ಸದ್ದಿಲ್ಲದ ಗಾಡಿಯನ್ನೂ ಕಾಲಕಾಲಕ್ಕೆ ಪರೀಕ್ಷಿಸಬೇಕೆನ್ನುವುದು ಈ ಕಾರಣದಿಂದ.

ನನ್ನ ಗಾಡಿಯೇ ನನಗೆ ಈ ಪಾಠ ಹೇಳಿತು. ಸದ್ದು ತೆಗೆಸಿದ ಕೆಲವು ತಿಂಗಳುಗಳ ಬಳಿಕ, ಬೆಳಗ್ಗೆ ಒಂದೇ ಒತ್ತಿಗೆ ಎಚ್ಚರಗೊಳ್ಳುತ್ತಿದ್ದ ಎಂಜಿನ್ ನಾಲ್ಕಾರು ಸಲ ಸೆಲ್ಫ್ ಒತ್ತಿದರೂ ಹಿಡಿಯದಾಯಿತು. ಸಿಗ್ನಲ್ಲಿನಲ್ಲಿ ನಿಂತಾಗ ನಡುಗಿ ಆರಿಹೋಗುತ್ತಿತ್ತು. ಏರಿನಲ್ಲಿ ಇಬ್ಬರನ್ನು ಹೊರಲಾರದೆ ಏದುತ್ತಿತ್ತು. ಪ್ಲಗ್ ಬದಲಾಯಿತು, ಬ್ಯಾಟರಿ ಬದಲಾಯಿತು, ಕಾರ್ಬ್ಯುರೇಟರ್ ಎರಡು ಸಲ ಶುದ್ಧವಾಯಿತು. ಕೊನೆಗೆ ಹಿರಿಯ ಮೆಕ್ಯಾನಿಕರೊಬ್ಬರು ಗಾಡಿಯನ್ನು ರಾತ್ರಿ ತಮ್ಮಲ್ಲೇ ಬಿಟ್ಟುಹೋಗಲು ಹೇಳಿ, ಬೆಳಗ್ಗೆ ನಾನು ಬರುವ ಹೊತ್ತಿಗೆ ತಲೆಯ ಮುಚ್ಚಳ ತೆಗೆದು, “ಇಲ್ಲಿ ನೋಡಿ ಸ್ವಾಮಿ, ಎಡೆ ಅಳೆಯುವ ಅತಿ ತೆಳುವಾದ ಉಕ್ಕಿನ ಎಲೆಯೂ ಹೋಗುತ್ತಿಲ್ಲ” ಎಂದು ತೋರಿಸಿದರು. ಅಷ್ಟರಲ್ಲಿ ಕವಾಟದ ಅಂಚು ಸುಟ್ಟಿತ್ತು. ಎಂಜಿನ್ನಿನ ತಲೆಯನ್ನು ಇಳಿಸಿ ಹೊಸ ಕವಾಟ ಹಾಕಿಸದೆ ಗತ್ಯಂತರವಿರಲಿಲ್ಲ.

ಅವರು ಆ ದಿನ ಮಾಡಿ ತೋರಿಸಿದ ಕ್ರಮವನ್ನು, ಓದುಗರು ತಾವೇ ಮಾಡಲಿ ಬಿಡಲಿ, ತಿಳಿದಿರುವುದು ಲೇಸು. ಗಾಡಿ ಹಿಂದಿನ ರಾತ್ರಿಯಿಂದ ನಿಂತಿರಬೇಕು. ಎಂಜಿನ್ನಿನ ಉಷ್ಣತೆ 35 ಡಿಗ್ರಿ ಸೆಲ್ಸಿಯಸ್ ಮೀರಿರಕೂಡದೆಂದು ಹೋಂಡಾದ ಕೈಪಿಡಿಗಳು ವಿಧಿಸುತ್ತವೆ. ಬೆಂಗಳೂರು ಮೈಸೂರಿನವರಿಗೆ ಇದು ಕಷ್ಟವಲ್ಲ; ಆದರೆ ಬೇಸಗೆಯಲ್ಲಿ 40 ಡಿಗ್ರಿ ದಾಟುವ ರಾಯಚೂರು ಕಲಬುರಗಿಯ ಕಡೆಯವರು ನಸುಕಿನಲ್ಲಿಯೇ ಈ ಕೆಲಸಕ್ಕೆ ಕೂರಬೇಕಾದೀತು. ಗಾಡಿಯನ್ನು ನಡುಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಸೀಟಿನ ಕೆಳಗಿನ ಡಿಕ್ಕಿಯನ್ನೋ ಮುಂದಿನ ಮುಚ್ಚಳವನ್ನೋ ತೆಗೆದರೆ, ಹೆಚ್ಚುಕಡಿಮೆ ಅಡ್ಡಲಾಗಿ ಮಲಗಿರುವ ಎಂಜಿನ್ನಿನ ತಲೆ ಕಾಣುತ್ತದೆ. ಸ್ಪಾರ್ಕ್ ಪ್ಲಗ್ ಬಿಚ್ಚಿಟ್ಟರೆ ಎಂಜಿನ್ ಕೈಯಲ್ಲಿ ಸುಲಭವಾಗಿ ತಿರುಗುತ್ತದೆ. ತಲೆಯ ಮುಚ್ಚಳದ ಬೋಲ್ಟುಗಳನ್ನು ಬಿಚ್ಚುವ ಮುನ್ನ ಸುತ್ತಲಿನ ಮಣ್ಣನ್ನು ಒರೆಸತಕ್ಕದ್ದು. ಒಂದು ಹರಳು ಮರಳು ಒಳಗೆ ಬಿದ್ದರೂ ಮಾಡಿದ ಉಪಕಾರಕ್ಕಿಂತ ಅಪಕಾರ ದೊಡ್ಡದಾಗುತ್ತದೆ.

ಇನ್ನು ಮುಖ್ಯವಾದ ಹೆಜ್ಜೆ. ಎರಡು ಕವಾಟಗಳೂ ಮುಚ್ಚಿಕೊಂಡು, ಪಿಸ್ಟನ್ ಮಿಶ್ರಣವನ್ನು ಅಮುಕಿ ತುತ್ತತುದಿಗೆ ಬಂದು ನಿಂತ ಸ್ಥಿತಿಯಲ್ಲಿ ಮಾತ್ರ ಅಳತೆ ಮಾಡಬೇಕು. ಬಲಬದಿಯ ಫ್ಯಾನಿನ ಹೊದಿಕೆಯನ್ನು ತೆಗೆದು, ಎಂಜಿನ್ ಓಡುವ ದಿಕ್ಕಿನಲ್ಲಿಯೇ ಫ್ಲೈವೀಲನ್ನು ತಿರುಗಿಸುತ್ತ, ಅದರ ಮೇಲಿನ ‘ಟಿ’ ಗುರುತು ಎಂಜಿನ್ನಿನ ಮೈಮೇಲಿನ ಗುರುತಿಗೆ ಸರಿಯಾಗಿ ಎದುರಾಗುವಂತೆ ನಿಲ್ಲಿಸಬೇಕು. ಆದರೆ ಫೋರ್ ಸ್ಟ್ರೋಕ್ ಎಂಜಿನ್ನಿನ ಒಂದು ಆವೃತ್ತಿಗೆ ಫ್ಲೈವೀಲ್ ಎರಡು ಸುತ್ತು ಬರುವುದರಿಂದ ಆ ಗುರುತು ಎರಡು ಸಲ ಕಾಣಿಸಿಕೊಳ್ಳುತ್ತದೆ. ಒಂದು ನಮಗೆ ಬೇಕಾದ ಸ್ಥಿತಿ, ಇನ್ನೊಂದು ಸುಟ್ಟ ಅನಿಲ ಹೊರಹೋಗಿ ಹೊಸ ಮಿಶ್ರಣ ಬರುವ, ಎರಡು ಕವಾಟಗಳೂ ಕೊಂಚ ತೆರೆದಿರುವ ಸ್ಥಿತಿ. ರಾಕರುಗಳೆರಡನ್ನೂ ಬೆರಳಿನಿಂದ ಅಲುಗಿಸಿದಾಗ ಅತ್ಯಲ್ಪವಾದ ಸಡಿಲ ತೋರಿದರೆ ಸ್ಥಿತಿ ಸರಿಯಿದೆ; ಬಿಗಿಯಾಗಿದ್ದರೆ ಪೂರ್ತಿ ಒಂದು ಸುತ್ತು ತಿರುಗಿಸಿ ಮತ್ತೆ ನೋಡಬೇಕು. ಗುರುತು ದಾಟಿತೆಂದು ಹಿಂದಕ್ಕೆ ತಿರುಗಿಸುವ ಮೋಹ ಬೇಡ. ಕೆಲವು ಎಂಜಿನ್ನುಗಳಲ್ಲಿ ಹಿಮ್ಮುಖವಾಗಿ ತಿರುಗಿದಾಗ ಹೊರಬಿಡುವ ಕವಾಟವನ್ನು ಎತ್ತುವ ಏರ್ಪಾಡು ಇರುವುದರಿಂದ ಅಳತೆ ಸುಳ್ಳಾಗುತ್ತದೆ.

ಅಳೆಯುವ ಸಾಧನ ಫೀಲರ್ ಗೇಜ್: ಬೇರೆ ಬೇರೆ ದಪ್ಪದ ತೆಳು ಉಕ್ಕಿನ ಎಲೆಗಳನ್ನು ಬೀಸಣಿಗೆಯಂತೆ ಜೋಡಿಸಿದ ಪುಟ್ಟ ವಸ್ತು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿಯೂ ಜಿಲ್ಲಾಸ್ಥಳಗಳ ಬಿಡಿಭಾಗದ ಅಂಗಡಿಗಳಲ್ಲಿಯೂ ಅದು ಸಿಗುತ್ತದೆ. ನಮ್ಮ ಗಾಡಿಯ ಪುಸ್ತಕದಲ್ಲಿ ಹೇಳಿರುವ ದಪ್ಪದ ಎಲೆಯನ್ನು ತಿರುಪಿನ ತುದಿಗೂ ಕಾಂಡಕ್ಕೂ ನಡುವೆ ತೂರಿಸಿದರೆ, ಅದು ಸಲೀಸಾಗಿ ಜಾರಲೂಬಾರದು, ಬಲದಿಂದ ತುರುಕಬೇಕಾಗಿಯೂ ಬರಬಾರದು. ಹೊಸ ಪುಸ್ತಕದ ಒತ್ತಾದ ಹಾಳೆಗಳ ನಡುವಿನಿಂದ ಒಂದು ಕಾಗದವನ್ನು ಎಳೆಯುವಾಗ ಬೆರಳಿಗೆ ತಿಳಿಯುವಂಥ ಮೆಲುವಾದ ತಡೆ ಇರಬೇಕು. ಅದಕ್ಕಿಂತ ಒಂದು ಮೆಟ್ಟಿಲು ದಪ್ಪನೆಯ ಎಲೆ ಹೋಗದಿದ್ದರೆ ಅಳತೆ ಖಚಿತ. ಒಳಬಿಡುವ ಕವಾಟ ಮೇಲ್ಗಡೆಯದು, ಹೊರಬಿಡುವುದು ಸೈಲೆನ್ಸರಿನ ಕಡೆಯ ಕೆಳಗಿನದು. ಇವೆರಡರ ಅಳತೆ ಕೆಲವು ಗಾಡಿಗಳಲ್ಲಿ ಬೇರೆಬೇರೆಯಾಗಿರುವುದರಿಂದ ಪುಸ್ತಕ ನೋಡದೆ ಕೈಹಾಕಬಾರದು.

ಅಳತೆ ತಪ್ಪಿದ್ದರೆ ತಿರುಪಿನ ಸುತ್ತಲಿನ ಲಾಕ್ ನಟ್ಟನ್ನು ಸಡಿಲಿಸಿ, ಎಲೆಯನ್ನು ನಡುವೆ ಇಟ್ಟುಕೊಂಡೇ ತಿರುಪನ್ನು ಸರಿಪಡಿಸಿ, ತಿರುಪು ಅಲುಗದಂತೆ ಹಿಡಿದು ನಟ್ಟನ್ನು ಬಿಗಿಯಬೇಕು. ತಿರುಪಿನ ಎಳೆ ಅರ್ಧ ಮಿಲಿಮೀಟರಿನದೆಂದು ಇಟ್ಟುಕೊಂಡರೆ, ಕಾಲು ಸುತ್ತಿಗೇ 0.125 ಮಿಲಿಮೀಟರ್ ಸರಿಯುತ್ತದೆ. ಬೇಕಾದ ಒಟ್ಟು ಬಿಡುವೇ ಹೆಚ್ಚುಕಡಿಮೆ ಅಷ್ಟೇ ಇರುವಾಗ ಕಣ್ಣಂದಾಜಿಗೆ ಇಲ್ಲಿ ಎಡೆಯೆಲ್ಲಿ? ನಟ್ಟು ಬಿಗಿಯುವಾಗ ತಿರುಪೂ ಅದರೊಡನೆ ಒಂದಿನಿತು ತಿರುಗುವುದು ಸಹಜವಾದುದರಿಂದ ಬಿಗಿದ ಮೇಲೆ ಇನ್ನೊಮ್ಮೆ ಎಲೆ ತೂರಿಸಿ ನೋಡತಕ್ಕದ್ದು. ಮೊದಲ ಸಲಕ್ಕೆ ಸರಿಹೋಗದಿದ್ದರೆ ಬೇಸರಪಡಬಾರದು. ನುರಿತವರೂ ಎರಡು ಮೂರು ಸಲ ಮಾಡುವುದನ್ನು ನಾನು ನೋಡಿದ್ದೇನೆ. ಕೆಲಸ ಮುಗಿಸುವ ಮುನ್ನ ಫ್ಲೈವೀಲನ್ನು ಎರಡು ಸುತ್ತು ತಿರುಗಿಸಿ ಮತ್ತೆ ಗುರುತಿಗೆ ತಂದು ಎರಡೂ ಕವಾಟಗಳನ್ನು ಕಡೆಯ ಬಾರಿಗೆ ಅಳೆಯುವುದು ಒಳ್ಳೆಯ ಪದ್ಧತಿ. ಮುಚ್ಚಳದ ರಬ್ಬರು ಗಟ್ಟಿಯಾಗಿದ್ದರೆ ಹೊಸದು ಹಾಕದೆ ಎಣ್ಣೆ ಜಿನುಗುವುದು ನಿಲ್ಲದು.

ಎಷ್ಟು ಕಿಲೋಮೀಟರಿಗೊಮ್ಮೆ ಎಂಬುದು ಗಾಡಿಯಿಂದ ಗಾಡಿಗೆ ಬೇರೆ; ಗಾಡಿಯೊಡನೆ ಕೊಟ್ಟ ಸರ್ವೀಸ್ ಪುಸ್ತಕದ ಕೋಷ್ಟಕದಲ್ಲಿ ಅದು ಇರುತ್ತದೆ. ಆ ಪುಸ್ತಕ ಬಹಳ ಮನೆಗಳಲ್ಲಿ ವಿಮೆಯ ಕಾಗದಗಳ ನಡುವೆ, ಕೊಂಡ ದಿನ ಇಟ್ಟ ಹಾಗೆಯೇ ಇರುತ್ತದೆ. ದಯಮಾಡಿ ಅದನ್ನು ಹೊರತೆಗೆದು, ಕವಾಟದ ಅಳತೆ ಬರೆದಿರುವ ಸಾಲನ್ನು ಗುರುತು ಮಾಡಿಡಿ. ಮುಂದಿನ ಸಲ ಗ್ಯಾರೇಜಿಗೆ ಹೋಗುವಾಗ “ಸದ್ದು ತೆಗೆಯಿರಿ” ಎನ್ನದೆ, “ತಣ್ಣಗಿದ್ದಾಗ ಗೇಜ್ ಹಾಕಿ ನೋಡಿ” ಎಂದು ಹೇಳಿ, ಹಿಂದಿನ ಸಂಜೆಯೇ ಗಾಡಿಯನ್ನು ಅಲ್ಲಿ ಬಿಟ್ಟುಬನ್ನಿ.