ಸಾಕಿದ ಆಮೆಯ ತೊಟ್ಟಿಯ ನೀರನ್ನು ತಿಳಿಯಾಗಿಡುವ ಕ್ರಮ

ಪಟ್ಟಣದ ಮನೆಗಳಲ್ಲಿ ಗಾಜಿನ ತೊಟ್ಟಿಯೊಳಗೆ ಆಮೆಯನ್ನು ಸಾಕುವ ವಾಡಿಕೆಯು ಬಂದಿರುವುದು ವಾಚಕರಿಗೆ ತಿಳಿದೇ ಇದೆ. ಕಲಬುರಗಿಗೆ ಓದಲು ಹೋದ ಮಕ್ಕಳ ಕೈಯಲ್ಲಿ ಇಂತಹ ಮರಿಗಳು ಕಮಲಾಪುರದ ಕಡೆಯ ಹಳ್ಳಿಗಳನ್ನೂ ಸೇರಬಹುದಾಗಿದೆ. ನೀರು ಕದಡಿ ನಾರತೊಡಗಿದೊಡನೆ ಬೇಸತ್ತು ಪ್ರಾಣಿಯನ್ನು ಬಾವಿಗೋ ಕೆರೆಗೋ ಬಿಟ್ಟುಬಿಡುವುದುಂಟು. ಮನೆಯೊಂದರ ಈ ಅಲಕ್ಷ್ಯವು ಊರಿಗೆಲ್ಲ ತೊಂದರೆಯನ್ನು ತರುವುದಾದುದರಿಂದ, ಗ್ರಾಮದ ಮುಖಂಡರೂ ಜಮೀನುದಾರರೂ ಈ ವಿಷಯವನ್ನು ಅರಿತಿರುವುದು ಅವಶ್ಯವಾಗಿದೆ.

ಮೊದಲು ಒಂದು ಮಾತು. ನಮ್ಮ ಕೆರೆಬಾವಿಗಳಲ್ಲಿ ಕಾಣುವ ನಾಡಿನ ಆಮೆಗಳನ್ನೂ ಹೊಲದಲ್ಲಿ ಸಿಕ್ಕುವ ನಕ್ಷತ್ರ ಆಮೆಯನ್ನೂ ಹಿಡಿದು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಪರಾಧವಾಗಿರುತ್ತದೆ. ಪೇಟೆಯಲ್ಲಿ ಹೆಚ್ಚಾಗಿ ಮಾರಾಟಕ್ಕೆ ಬರುವುದು ಅಮೆರಿಕಾ ಮೂಲದ, ಕಣ್ಣಿನ ಹಿಂದೆ ಕೆಂಪು ಪಟ್ಟೆಯುಳ್ಳ ಆಮೆ. ನಾಣ್ಯದಷ್ಟಿರುವ ಈ ಮರಿಯು ಬೆಳೆದು ಹತ್ತು ಅಂಗುಲದಷ್ಟಾಗಿ, ಇಪ್ಪತ್ತು ಮೂವತ್ತು ವರ್ಷ ಬದುಕಬಲ್ಲದು. ಇದನ್ನು ಆಲೋಚಿಸಿಯೇ ಕೊಳ್ಳತಕ್ಕದ್ದು.

ನೀರು ಕೆಡುವ ಕಾರಣ: ಆಮೆಯು ನೀರಿನಲ್ಲಿಯೇ ತಿಂದು ನೀರಿನಲ್ಲಿಯೇ ವಿಸರ್ಜಿಸುತ್ತದೆ. ಈ ಹೊಲಸೂ ಉಳಿದ ಆಹಾರವೂ ಕೊಳೆತು ಅಮೋನಿಯಾ ಎಂಬ ವಿಷವಸ್ತುವಾಗುತ್ತದೆ. ಪ್ರಾಣವಾಯು ದೊರೆಯುವ ಕಡೆ ನೆಲೆಸುವ ಕೆಲವು ಸೂಕ್ಷ್ಮಜೀವಿಗಳು ಅದನ್ನು ಮೊದಲು ನೈಟ್ರೈಟಾಗಿಯೂ, ಬಳಿಕ ಅಷ್ಟು ಅಪಾಯವಿಲ್ಲದ ನೈಟ್ರೇಟಾಗಿಯೂ ಮಾರ್ಪಡಿಸುತ್ತವೆ. ನಮ್ಮ ಜಿಲ್ಲೆಯ ಬೇಸಗೆಯಲ್ಲಿ ನೀರು ಕಾದಷ್ಟೂ ಅದರಲ್ಲಿ ಪ್ರಾಣವಾಯು ಕಡಿಮೆಯಾಗಿ ಕೊಳೆಯುವಿಕೆಯು ಹೆಚ್ಚುತ್ತದೆ. ಪಟಿಕವನ್ನು ಹಾಕಿದರೆ ಕದಡು ತಳಕ್ಕಿಳಿಯುವುದೇ ಹೊರತು ಅಮೋನಿಯಾ ಹೋಗುವುದಿಲ್ಲ. ಕಣ್ಣಿಗೆ ತಿಳಿಯಾದ ನೀರೆಲ್ಲವೂ ಶುದ್ಧವೆಂದು ಭಾವಿಸಕೂಡದು.

ಅನುಸರಿಸತಕ್ಕ ಕ್ರಮಗಳು:

1. ತೊಟ್ಟಿಯು ವಿಶಾಲವಾಗಿರಲಿ. ಚಿಪ್ಪಿನ ಉದ್ದದ ಒಂದೊಂದು ಅಂಗುಲಕ್ಕೆ ಸುಮಾರು 40 ಲೀಟರ್ ನೀರು ಬೇಕು. ನಾಲ್ಕು ಅಂಗುಲದ ಆಮೆಗೆ 160 ಲೀಟರ್ ಆಯಿತು.

2. ಆಹಾರವನ್ನು ಬೇರೊಂದು ಬೋಗುಣಿಯ ನೀರಿನಲ್ಲಿ ಕೊಟ್ಟು, ತಿಂದ ಬಳಿಕ ಆಮೆಯನ್ನು ತೊಟ್ಟಿಗೆ ಬಿಡುವುದು ಉತ್ತಮ. ಮಿಕ್ಕಿದ್ದನ್ನು ಕೂಡಲೇ ತೆಗೆಯಬೇಕು.

3. ತೊಟ್ಟಿಯ ನೀರಿನ ಎರಡು ಪಾಲಿಗೆ ಸಾಲುವ ಶೋಧಕ ಯಂತ್ರವನ್ನು ಇಡಬೇಕು. ಅದರ ಸ್ಪಂಜಿನಲ್ಲಿಯೇ ಮೇಲೆ ಹೇಳಿದ ಸೂಕ್ಷ್ಮಜೀವಿಗಳು ನೆಲೆಸುವುದರಿಂದ ಅದನ್ನು ನಲ್ಲಿಯ ನೀರಿನಲ್ಲಿ ತೊಳೆಯದೆ, ತೊಟ್ಟಿಯಿಂದ ತೆಗೆದ ನೀರಿನಲ್ಲಿಯೇ ಅಲುಬತಕ್ಕದ್ದು. ಹೊಸ ತೊಟ್ಟಿಯಲ್ಲಿ ಅವು ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಹಿಡಿಯುತ್ತದೆ; ಅಲ್ಲಿಯವರೆಗೆ ನೀರನ್ನು ಹೆಚ್ಚು ಸಲ ಬದಲಿಸಬೇಕು.

4. ವಾರಕ್ಕೊಮ್ಮೆ ಕಾಲುಭಾಗ ನೀರನ್ನು ತೆಗೆದು ಹೊಸದನ್ನು ತುಂಬಬೇಕು. ಕ್ಲೋರಿನ್ ಹಾಕಿದ ನಲ್ಲಿಯ ನೀರನ್ನು ಅಗಲಬಾಯಿಯ ಪಾತ್ರೆಯಲ್ಲಿ ಒಂದು ದಿನ ತೆರೆದಿಟ್ಟು ಬಳಸತಕ್ಕದ್ದು.

5. ತೊಟ್ಟಿಯ ಮೇಲೆ ದಿನವಿಡೀ ಬಿಸಿಲು ಬಿದ್ದರೆ ಪಾಚಿ ಕಟ್ಟಿ ನೀರು ಹಸಿರಾಗುವುದು. ಆದರೆ ಆಮೆಗೆ ಬಿಸಿಲೂ ಬೇಕು. ಇಟ್ಟಿಗೆಗಳ ಮೇಲೆ ನುಣುಪಾದ ಶಹಾಬಾದ್ ಕಲ್ಲಿನ ತುಂಡೊಂದನ್ನಿಟ್ಟು, ನೀರಿನ ಮೇಲೆ ಒಣಜಾಗವನ್ನು ಮಾಡಿ, ಅದಕ್ಕೆ ಮಾತ್ರ ಎಳೆಬಿಸಿಲು ತಾಗುವಂತೆ ತೊಟ್ಟಿಯನ್ನು ನೆರಳಿನಲ್ಲಿರಿಸಬೇಕು.

ತೆಗೆದ ನೀರಿನ ಉಪಯೋಗ: ಈ ನೀರಿನಲ್ಲಿ ನೈಟ್ರೇಟು ಇರುವುದರಿಂದ ಅದು ಗಿಡಗಳಿಗೆ ಗೊಬ್ಬರವೇ ಸರಿ. ಹೆಸರಾದ ಕಮಲಾಪುರದ ಕೆಂಪು ಬಾಳೆಯ ಬುಡಕ್ಕಾಗಲಿ, ಹಿತ್ತಲಿನ ಮರಗಳಿಗಾಗಲಿ ಅದನ್ನು ಹಾಕಬಹುದು. ಆದರೆ ಹಸಿಯಾಗಿ ತಿನ್ನುವ ಸೊಪ್ಪುತರಕಾರಿಗಳ ಮೇಲೆ ಚೆಲ್ಲಕೂಡದು. ಕುಡಿಯುವ ನೀರಿನ ಬಾವಿಯ ಬಳಿ ಹರಿಯಬಿಡಲೂ ಕೂಡದು. ಆರೋಗ್ಯವಾಗಿ ಕಾಣುವ ಆಮೆಯಲ್ಲಿಯೂ ಭೇದಿಯನ್ನೂ ಜ್ವರವನ್ನೂ ಉಂಟುಮಾಡುವ ಸಾಲ್ಮೊನೆಲ್ಲಾ ಎಂಬ ಕ್ರಿಮಿಗಳಿರಬಹುದು. ಈ ಕಾರಣದಿಂದಲೇ ಅಮೆರಿಕಾ ದೇಶದಲ್ಲಿ 1975ರಲ್ಲಿ ನಾಲ್ಕು ಅಂಗುಲಕ್ಕಿಂತ ಚಿಕ್ಕ ಆಮೆಗಳ ಮಾರಾಟವನ್ನು ನಿಷೇಧಿಸಲಾಯಿತು. ತೊಟ್ಟಿಯ ಸಾಮಾನುಗಳನ್ನು ಅಡಿಗೆಮನೆಯಲ್ಲಿ ತೊಳೆಯದೆ, ಆಮೆಯನ್ನು ಮುಟ್ಟಿದ ಕೈಗಳನ್ನು ಸಾಬೂನಿನಿಂದ ತೊಳೆಯಬೇಕು. ಐದು ವರ್ಷದೊಳಗಿನ ಮಕ್ಕಳು ಆಮೆಯನ್ನು ಮುಟ್ಟದಂತೆ ನೋಡಿಕೊಳ್ಳಬೇಕು.

ಬಾವಿಯಲ್ಲಿ ಆಮೆಯಿದ್ದರೆ ನೀರು ಶುದ್ಧವಾಗುವುದೆಂಬ ನಂಬಿಕೆಯು ಅನೇಕರಲ್ಲಿದೆ. ಆಮೆಯು ಹುಳುಗಳನ್ನೂ ಸತ್ತ ಪ್ರಾಣಿಗಳನ್ನೂ ತಿನ್ನುವುದು ನಿಜ. ಆದರೆ ತನ್ನ ಹೊಲಸನ್ನು ಆ ನೀರಿಗೇ ಸೇರಿಸುವುದೂ ಅಷ್ಟೇ ನಿಜ. ಇನ್ನು ಪರದೇಶದ ಆಮೆಯನ್ನು ಊರಿನ ಕೆರೆಗಾಗಲಿ, ಕಲಬುರಗಿಯ ಶರಣಬಸವೇಶ್ವರ ಕೆರೆಯಂತಹ ದೊಡ್ಡ ಜಲಾಶಯಕ್ಕಾಗಲಿ ಬಿಟ್ಟರೆ, ಅದು ನಾಡಿನ ಆಮೆಗಳ ಆಹಾರವನ್ನೂ ನೆಲೆಯನ್ನೂ ಆಕ್ರಮಿಸಿ ರೋಗಗಳನ್ನು ಹರಡಬಹುದು. ಲೋಕದ ಅತಿ ಹಾನಿಕರವಾದ ನೂರು ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಇದೂ ಸೇರಿದೆ.

ಸಾಕಲಾರದವರು ಆಮೆಯನ್ನು ನೀರಿಗೆ ಬಿಡದೆ ಅರಣ್ಯ ಇಲಾಖೆಯವರ ಸಲಹೆಯನ್ನು ಕೇಳತಕ್ಕದ್ದು. ಊರಿನ ಹಿರಿಯರು ಈ ಸಂಗತಿಯನ್ನು ಚಾವಡಿಯಲ್ಲಿಯೂ ಶಾಲೆಯಲ್ಲಿಯೂ ತಿಳಿಯಹೇಳಿದರೆ, ತೊಟ್ಟಿಯ ನೀರಿನೊಂದಿಗೆ ಊರಿನ ನೀರೂ ತಿಳಿಯಾಗಿ ಉಳಿಯುವುದು.