ಬದಲಾಗುತ್ತಿರುವ ಹವಾಮಾನ ಮತ್ತು ಊಟದ ತಟ್ಟೆ

ಮಳೆ, ಬೆಳೆ, ಊಟ – ಈ ಮೂರರ ನಂಟನ್ನು ರೈತನಿಗೆ ಯಾರೂ ಬೋಧಿಸಬೇಕಾಗಿಲ್ಲ. ಅಹಮದಾಬಾದಿನ ಚಾಂದ್‌ಖೇಡಾದಲ್ಲಿ ನೆಲೆಸಿ, ಅಂಗಡಿಯಿಂದ ಧಾನ್ಯ ಕೊಳ್ಳುವ ಕನ್ನಡ ಕುಟುಂಬಗಳಿಗಾದರೋ ಅದು ಸುಲಭವಾಗಿ ಮರೆತುಹೋಗುತ್ತದೆ. ಇತ್ತೀಚಿನ ವರ್ಷಗಳ ಹವಾಮಾನ ಆ ನಂಟನ್ನು ಮತ್ತೆ ನೆನಪಿಸಿದೆ.

1901ರಿಂದ ಇರುವ ದಾಖಲೆಗಳಲ್ಲಿ ಅದುವರೆಗಿನ ಅತ್ಯಂತ ಬಿಸಿಯಾದ ಮಾರ್ಚ್ ಭಾರತಕ್ಕೆ ಬಂದುದು 2022ರಲ್ಲಿ. ಕಾಳು ಕಟ್ಟುವ ವೇಳೆಗೆ ತಾಪ ಏರಿದರೆ ಗೋಧಿ ಅವಸರದಲ್ಲಿ ಮಾಗಿ ಕಾಳು ಸೊರಗುತ್ತದೆ. ಅದೇ ಮೇ ತಿಂಗಳಲ್ಲಿ ಸರ್ಕಾರವು ಗೋಧಿಯ ರಫ್ತನ್ನು ನಿಷೇಧಿಸಿತು. ಮರುವರ್ಷ ಕರ್ನಾಟಕದ ಮುಂಗಾರು ಕೈಕೊಟ್ಟು, 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಿತವಾದವು.

ಹಾನಿ ಇಳುವರಿಗಷ್ಟೇ ಸೀಮಿತವಲ್ಲ. ಇಂಗಾಲದ ಡೈ ಆಕ್ಸೈಡ್ ಹೆಚ್ಚಿಸಿದ ಗಾಳಿಯಲ್ಲಿ ಬೆಳೆಸಿದ ಗೋಧಿ, ಅಕ್ಕಿಗಳಲ್ಲಿ ಕಬ್ಬಿಣ ಮತ್ತು ಸತುವಿನ ಅಂಶ ಕುಗ್ಗುವುದನ್ನು 2014ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಜೋಳದಲ್ಲಿ ಈ ಕುಂದು ಕಡಿಮೆ. ಜೋಳ, ಸಜ್ಜೆ, ರಾಗಿಗಳು ಬಿಸಿಲನ್ನು ಬಳಸಿಕೊಳ್ಳುವ ಬಗೆಯೇ ಬೇರೆ. ಅಲ್ಪ ನೀರಿನಲ್ಲಿ, ಹೆಚ್ಚು ತಾಪದಲ್ಲಿಯೂ ಅವು ಬೆಳೆಯಬಲ್ಲವು.

ಹಾಗೆಂದು ರಾಗಿಯೂ ಅಜೇಯವಲ್ಲ. 2021ರ ನವೆಂಬರಿನಲ್ಲಿ ಸುರಿದ ಅಕಾಲ ಮಳೆಗೆ ದಕ್ಷಿಣ ಕರ್ನಾಟಕದ ಹೊಲಗಳಲ್ಲಿ ಕೊಯ್ಲಿಗೆ ಬಂದ ತೆನೆಗಳು ನೆಲಕ್ಕೊರಗಿದವು. ಆದುದರಿಂದಲೇ ಹಿರಿಯರು ಒಂದೇ ಬೆಳೆಯನ್ನು ನಂಬಲಿಲ್ಲ. ರಾಗಿಯ ನಡುವೆ ಅವರೆ, ತೊಗರಿ, ಹುಚ್ಚೆಳ್ಳುಗಳ ಅಕ್ಕಡಿ ಸಾಲು ಬಿತ್ತಿದರು. ಒಂದು ಕೆಟ್ಟರೂ ಇನ್ನೊಂದು ಮನೆಗೆ ಬರುತ್ತಿತ್ತು.

ಹೊಲದ ಈ ವಿವೇಕ ದೇಹಕ್ಕೂ ಒಪ್ಪುವಂಥದು. ನೂರು ಗ್ರಾಂ ರಾಗಿಯಲ್ಲಿ ಮುನ್ನೂರು ಮಿಲಿಗ್ರಾಮಿಗೂ ಮೀರಿ ಸುಣ್ಣದ ಅಂಶವಿದೆ. ಅಕ್ಕಿಯಲ್ಲಿ ಅದು ಅತ್ಯಲ್ಪ. ಧಾನ್ಯಗಳ ಪ್ರೋಟೀನಿನಲ್ಲಿ ಕಡಿಮೆಯಿರುವ ಲೈಸಿನನ್ನು ಅವರೆ, ತೊಗರಿಗಳು ತುಂಬಿಕೊಡುತ್ತವೆ. ರಾಗಿಯನ್ನು ನೆನೆಸಿ ಮೊಳಕೆ ಕಟ್ಟಿದರೆ, ಜೊತೆಗೆ ನಿಂಬೆರಸ ಸೇರಿದರೆ, ಕಬ್ಬಿಣ ದೇಹಕ್ಕೆ ಹೆಚ್ಚು ದಕ್ಕುತ್ತದೆ. ಆದರೆ ನುಣ್ಣಗೆ ಬೀಸಿದ ಹಿಟ್ಟಿನ ಅಂಬಲಿ ರಕ್ತದ ಸಕ್ಕರೆಯನ್ನು ಬೇಗ ಏರಿಸಬಹುದಾದ್ದರಿಂದ ಮಧುಮೇಹಿಗಳು ಅಳತೆಯರಿತು ಸೇವಿಸಬೇಕು. ಸಜ್ಜೆಯ ಹಿಟ್ಟು, ಅದರಲ್ಲೂ ಗುಜರಾತಿನ ಬೇಸಿಗೆಯಲ್ಲಿ, ಬೇಗ ಕಹಿಯಾಗುತ್ತದೆ. ಸ್ವಲ್ಪ ಸ್ವಲ್ಪವಾಗಿಯೇ ಬೀಸಿಸುವುದು ಲೇಸು.

ಊರಿಗೆ ಹೋದವರು ರಾಗಿ ಹಿಟ್ಟನ್ನು ಹೊತ್ತು ತರುವುದುಂಟು. ಅದೇ ರಾಗಿ ಗುಜರಾತಿನ ಡಾಂಗ್ ಜಿಲ್ಲೆಯ ಗುಡ್ಡಗಳಲ್ಲಿ ‘ನಾಗಲಿ’ ಎಂಬ ಹೆಸರಿನಿಂದ ಬೆಳೆಯುತ್ತದೆ. ಅಲ್ಲಿನ ಆದಿವಾಸಿಗಳಿಗೆ ನಾಗಲಿಯ ರೊಟ್ಟಿ ನಿತ್ಯದ ಆಹಾರ. ನೆರೆಮನೆಯ ಬಾಜ್ರಿ ರೋಟ್ಲಾ ಕನ್ನಡಿಗರ ಸಜ್ಜೆ ರೊಟ್ಟಿಯೇ. ವಾರಕ್ಕೆ ಕೆಲವು ದಿನವಾದರೂ ಅನ್ನ, ಚಪಾತಿಗಳೊಡನೆ ಇವಕ್ಕೆ ತಟ್ಟೆಯಲ್ಲಿ ಸ್ಥಾನ ದೊರೆಯಲಿ. ಕೊಳ್ಳುವವರಿಲ್ಲದ ಧಾನ್ಯವನ್ನು ಯಾವ ರೈತನೂ ಬಹುಕಾಲ ಬಿತ್ತಲಾರ. ಬಿತ್ತುವುದು ನಿಂತ ಬೀಜ ಬರಗಾಲ ಬಂದಾಗ ಹುಡುಕಿದರೆ ಸಿಗದು.