ಸರ್ಕಾರಿ ವಿಶ್ವವಿದ್ಯಾಲಯ: ತಪ್ಪು ಕಲ್ಪನೆ ಮತ್ತು ವಾಸ್ತವ

ಬ್ರಿಟಿಷರ ನೇರ ಆಳ್ವಿಕೆಯ ಹೊರಗೆ, ದೇಶೀ ಸಂಸ್ಥಾನವೊಂದು ಕಟ್ಟಿದ ಮೊದಲ ವಿಶ್ವವಿದ್ಯಾಲಯ ಮೈಸೂರಿನದು; ಹುಟ್ಟಿದ್ದು 1916ರ ಜುಲೈನಲ್ಲಿ. ಇಂದು ಸರ್ಕಾರಿ ವಿಶ್ವವಿದ್ಯಾಲಯಗಳ ಮಾತು ಬಂದರೆ ಸಾಕು, ‘ಇವು ಇನ್ನೂ ಯಾಕೆ ಬೇಕು?’ ಎನ್ನುವವರಿದ್ದಾರೆ. ಈ ಪ್ರಶ್ನೆಯ ಬೆನ್ನಿಗೆ ನಾಲ್ಕು ತಪ್ಪು ಕಲ್ಪನೆಗಳಿವೆ.

ತಪ್ಪು ಕಲ್ಪನೆ 1: ವಿಶ್ವವಿದ್ಯಾಲಯದ ಕೆಲಸ ಪರೀಕ್ಷೆ ನಡೆಸಿ ಪದವಿ ಕೊಡುವುದಷ್ಟೆ.
ವಾಸ್ತವ: ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯವನ್ನು ನೋಡಿ. ಮಾಸಿದ ತಾಳೆಗರಿಗೆ ಮಸಿ ಹಚ್ಚಿ, ಮಜ್ಜಿಗೆಹುಲ್ಲಿನ ಎಣ್ಣೆ ಸವರಿ ಒರೆಸಿದರೆ, ಕಂಟದಿಂದ ಕೊರೆದ ಗೆರೆಗಳಲ್ಲಿ ಕಪ್ಪು ನಿಂತು ಅಕ್ಷರ ಮತ್ತೆ ಎದ್ದು ಕಾಣುತ್ತದೆ. 1891ರಲ್ಲಿ ಆರಂಭವಾದ ಈ ಭಂಡಾರಕ್ಕೆ ಬಂದ ತಾಳೆಗರಿ ಕಟ್ಟಿನಲ್ಲೇ ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ‘ಅರ್ಥಶಾಸ್ತ್ರ’ವನ್ನು ಗುರುತಿಸಿದರು, 1909ರಲ್ಲಿ ಅದು ಅಚ್ಚಾಯಿತು. 1916ರಿಂದ ಈ ಸಂಪತ್ತನ್ನು ಕಾಯುತ್ತಿರುವುದು ವಿಶ್ವವಿದ್ಯಾಲಯ.

ತಪ್ಪು ಕಲ್ಪನೆ 2: ಖಾಸಗಿ ಸಂಸ್ಥೆಗಳಿವೆಯಲ್ಲ, ಅಷ್ಟು ಸಾಕು.
ವಾಸ್ತವ: ಬೇಡಿಕೆ ಇರುವ ಕೋರ್ಸುಗಳನ್ನು ಅವು ನಡೆಸುತ್ತವೆ, ನಡೆಸಲಿ. ಆದರೆ ಹಸ್ತಪ್ರತಿ, ಶಾಸನ, ಜಾನಪದ ಓದಲು ಲಕ್ಷಗಟ್ಟಲೆ ಫೀ ಕಟ್ಟಿ ಯಾರು ಬರುತ್ತಾರೆ? ಕನ್ನಡದ ಇಂಥ ಕೆಲಸಕ್ಕೆಂದೇ 1991ರಲ್ಲಿ ಹಂಪಿಯಲ್ಲಿ ಕನ್ನಡ ವಿಶ್ವವಿದ್ಯಾಲಯ ಕಟ್ಟಬೇಕಾಯಿತು. ಲಾಭದ ಲೆಕ್ಕದಲ್ಲಿ ಅದು ಎಂದೂ ಹುಟ್ಟುತ್ತಿರಲಿಲ್ಲ.

ತಪ್ಪು ಕಲ್ಪನೆ 3: ಅಲ್ಲಿನದು ತೆರಿಗೆದಾರರ ದುಡ್ಡಿನಲ್ಲಿ ಬಿಟ್ಟಿ ಓದು.
ವಾಸ್ತವ: ಅಂಗಡಿಯಲ್ಲಿ ಸೋಪು ಕೊಳ್ಳುವ ಕೂಲಿ ಹೆಣ್ಣುಮಗಳೂ ತೆರಿಗೆ ಕಟ್ಟುತ್ತಾಳೆ. ಅವಳ ಮಗಳಿಗೆ ಎಂ.ಎಸ್ಸಿ. ಸೀಟು, ಹಾಸ್ಟೆಲಿನಲ್ಲೊಂದು ಮಂಚ ಸಿಕ್ಕರೆ ಅದು ದಾನವಲ್ಲ, ಹಕ್ಕು. ರಾಷ್ಟ್ರೀಯ ಆದಾಯದ ಶೇ 6ರಷ್ಟನ್ನು ಶಿಕ್ಷಣಕ್ಕೆ ಕೊಡಿ ಎಂದು ಕೊಠಾರಿ ಆಯೋಗ 1966ರಲ್ಲೇ ಹೇಳಿತು. ಆ ಗುರಿಯನ್ನು ದೇಶ ಇನ್ನೂ ಮುಟ್ಟಿಲ್ಲ.

ತಪ್ಪು ಕಲ್ಪನೆ 4: ಗುಣಮಟ್ಟ ಕುಸಿದಿದೆ, ಮುಚ್ಚುವುದೇ ಮದ್ದು.
ವಾಸ್ತವ: ಕುಸಿದಿರುವುದು ಹಲವೆಡೆ ನಿಜ, ಅದನ್ನು ಮುಚ್ಚಿಡಬಾರದು. ಆದರೆ ಕಾರಣ ಹುಡುಕಿ. ನಿವೃತ್ತರಾದವರ ಜಾಗ ತುಂಬುವುದಿಲ್ಲ; ಅತಿಥಿ ಉಪನ್ಯಾಸಕರು ಮುಂದಿನ ವರ್ಷ ಕೆಲಸ ಇರುತ್ತದೋ ಇಲ್ಲವೋ ಎಂಬ ಚಿಂತೆಯಲ್ಲೇ ಪಾಠ ಮಾಡುತ್ತಾರೆ. ಹೊಸ ವಿಶ್ವವಿದ್ಯಾಲಯ ಘೋಷಿಸಿ ಕಾಲೇಜುಗಳನ್ನು ಹಂಚಿದಾಗ ಹಳೆಯದರ ಸಂಯೋಜನೆ ಮತ್ತು ಪರೀಕ್ಷಾ ಶುಲ್ಕ ಕೈತಪ್ಪುತ್ತದೆ, ಪಿಂಚಣಿಯ ಹೊರೆ ಮಾತ್ರ ಉಳಿಯುತ್ತದೆ. ಖಾಯಂ ಅಧ್ಯಾಪಕರನ್ನು ಕೊಡಿ, ಪಿಂಚಣಿಯ ಹೊಣೆಯನ್ನು ಸರ್ಕಾರ ಹೊರಲಿ, ಕುಲಪತಿಯ ಆಯ್ಕೆಯಲ್ಲಿ ವಿದ್ವತ್ತೊಂದನ್ನೇ ನೋಡಿ. ಇಷ್ಟನ್ನೂ ಮಾಡದೆ ಬೀಗ ಹಾಕಿದರೆ, ಆ ಕೂಲಿ ಹೆಣ್ಣುಮಗಳ ಮಗಳಿಗೆ ಹೋಗಲು ಬೇರೆ ಬಾಗಿಲಿಲ್ಲ.